ಲೋಟದ ಅಂಚು

ಬೆಳಿಗ್ಗೆಯಿಂದ ಅವಳಿಗೆ ನೀರಿನದೇ ಧ್ಯಾನ. ಪ್ರಯೋಗಾಲಯದ ಉದ್ದನೆಯ ಮೇಜಿನ ಮೇಲೆ ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟು, ಜಗ್ಗಿನಿಂದ ಒಂದೊಂದಕ್ಕೂ ಅರ್ಧರ್ಧ ನೀರು ಹುಯ್ಯುತ್ತ ಹೋದಂತೆ, ಕಿಟಕಿಯ ಬಿಸಿಲು ಆ ನೀರೊಳಗೆ ಇಳಿದು, ಅಲ್ಲಿಂದ ಪುಟಿದು, ಚಾವಣಿಯ ಮೇಲೆ ಬೆಳಕಿನ ತುಣುಕುಗಳಾಗಿ ನಡುಗುತ್ತಿತ್ತು. ಅವಳು ಹುಯ್ಯುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡಿದಳು. ನೋಡುತ್ತ ನಿಂತರೆ ಚಾವಣಿಯೇ ಕೆಳಗೆ, ತಾನೇ ಮೇಲೆ, ಯಾವುದೋ ಕೊಳದ ದಂಡೆಯಲ್ಲಿ ಬಗ್ಗಿ ನಿಂತಿದ್ದೇನೆ ಅನ್ನಿಸುತ್ತಿತ್ತು. ಶಾಲೆಯ ಮಕ್ಕಳೆಲ್ಲ ಬೆನ್ನ ಹಿಂದೆ ಅವಳನ್ನು ಕಪ್ಪೆ ಮಿಸ್ ಎಂದು ಕರೆಯುತ್ತಿದ್ದರು. ಜೀವಶಾಸ್ತ್ರದ ಟೀಚರಾದ ತನಗೆ ಆ ಹೆಸರು ಬಂದದ್ದು ಕಪಾಟಿನ ಜಾಡಿಯಲ್ಲಿ ತೇಲುವ ಕಪ್ಪೆಯಿಂದಲೋ, ಕನ್ನಡಕದ ಹಿಂದಿನ ತನ್ನ ದೊಡ್ಡ ಕಣ್ಣುಗಳಿಂದಲೋ ಎಂಬುದು ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ. ಜಾಡಿಯಿಂದಲೇ ಇರಬೇಕೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ವರ್ಷಗಳೇ ಆಗಿದ್ದವು.

ಆಟವೇನೋ ಬಹಳ ಸುಲಭದ್ದು. ಹೋದ ತಿಂಗಳು ಜೀವನ ಕೌಶಲದ ತರಬೇತಿಗೆಂದು ಹೋದಾಗ ಅಲ್ಲಿನ ತರಬೇತುದಾರ ಹೇಳಿಕೊಟ್ಟಿದ್ದ. ಎಲ್ಲ ಲೋಟದಲ್ಲೂ ಬರೀ ನೀರು. ಒಂದರಲ್ಲಿ ಮಾತ್ರ ವಾಷಿಂಗ್ ಸೋಡಾ ಕರಗಿಸಿದ ನೀರು. ಕಣ್ಣಿಗೆ ಎರಡೂ ಒಂದೇ. ಮಕ್ಕಳು ಲೋಟ ಹಿಡಿದು ಓಡಾಡುತ್ತ ಸಿಕ್ಕಸಿಕ್ಕವರೊಡನೆ ನೀರು ಬದಲಾಯಿಸಿಕೊಳ್ಳಬೇಕು: ನನ್ನದರಿಂದ ನಿನಗಿಷ್ಟು, ನಿನ್ನದರಿಂದ ನನಗಿಷ್ಟು. ಕೊನೆಗೆ ಟೀಚರು ಬಂದು ಒಂದೊಂದು ಲೋಟಕ್ಕೂ ಬಣ್ಣವಿಲ್ಲದ ಒಂದು ದ್ರವದ ಹನಿ ಬಿಡಬೇಕು. ಸೋಡಾ ತಾಕಿದ ನೀರೆಲ್ಲ ಗುಲಾಬಿಯಾಗುತ್ತದೆ. ಒಂದೇ ಲೋಟದಿಂದ ಹೊರಟದ್ದು ಅಷ್ಟು ಜನರ ಲೋಟಕ್ಕೆ ಹೇಗೆ ಹೋಯಿತು ಅಂತ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಎಚ್‌ಐವಿ ಅನ್ನೋದು ಹೀಗೆ ಕಣ್ರೋ, ಮುಖ ನೋಡಿ ಯಾರಿಗಿದೆ ಯಾರಿಗಿಲ್ಲ ಅಂತ ಹೇಳೋಕಾಗಲ್ಲ ಎಂದು ಆಗ ನೀವು ಹೇಳಬೇಕು, ಅಲ್ಲಿಗೆ ಪಾಠ ಮುಗಿಯಿತು ಎಂದಿದ್ದ. ಬಂದಿದ್ದ ಟೀಚರುಗಳೆಲ್ಲ ಲೋಟ ಹಿಡಿದು ಮಕ್ಕಳಿಗಿಂತ ಹೆಚ್ಚಾಗಿ ಕಿರುಚಾಡಿದ್ದರು. ಆಮೇಲೆ ಅನುಭವ ಹಂಚಿಕೊಳ್ಳಿ ಎಂದಾಗ ಅವಳು ಎದ್ದು, "ನನ್ನ ಪರಿಚಯದ ಒಬ್ಬ ಹೆಣ್ಣುಮಗಳು" ಎಂದು ಶುರುಮಾಡಿ, ಕಾಯಿಲೆಯ ತಮ್ಮನ ಲೋಟದಲ್ಲೇ ನೀರು ಕುಡಿದು ಮನೆಯವರ ಭಯ ಬಿಡಿಸಿದ ಒಬ್ಬ ಅಕ್ಕನ ಕಥೆ ಹೇಳಿದ್ದಳು. ಚಪ್ಪಾಳೆ ಬಿದ್ದಿತ್ತು. ಪರಿಚಯದ ಹೆಣ್ಣುಮಗಳು ಎಂದದ್ದು ಯಾಕೆ, ನಾನು ಎನ್ನಲು ಏನಾಗಿತ್ತು ರೋಗ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ತನ್ನನ್ನು ತಾನು ಬೈದುಕೊಂಡಿದ್ದಳು.

ತಮ್ಮ ಗಡಿಯಾರ ರಿಪೇರಿ ಮಾಡುತ್ತಿದ್ದ. ಕಿವಿಯ ಹತ್ತಿರ ಗಡಿಯಾರ ಹಿಡಿದು, ಕಣ್ಣು ಮುಚ್ಚಿ, "ಇದಕ್ಕೆ ಉಬ್ಬಸ ಕಣೇ ಅಕ್ಕಾ" ಅನ್ನುತ್ತಿದ್ದ. ಅವನಿಗೆ ಅದು ಹೇಗೆ ಬಂತೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬೀದಿಯವರಿಗೆ ಕಾಮಾಲೆ ಎಂದು ಹೇಳಿದ್ದಾಯಿತು. ಅಮ್ಮ ಒಂದು ಬೆಳಿಗ್ಗೆ ಬಾಯಿ ಬಿಡದೆ ಅವನ ಲೋಟವನ್ನು ತೆಗೆದು ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ ಬೇರೆಯಾಗಿ ಇಟ್ಟಳು. ಆಗ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದ ಇವಳು, "ಲೋಟದಿಂದ ಬರಲ್ಲಮ್ಮ! ಮುಟ್ಟಿದ್ರೆ ಬರಲ್ಲ, ಜೊತೇಲಿ ಉಂಡ್ರೆ ಬರಲ್ಲ! ನಿನಗೆಷ್ಟು ಸಲ ಹೇಳ್ಬೇಕು?" ಎಂದು ಮನೆ ಹಾರಿಹೋಗುವ ಹಾಗೆ ಕೂಗಾಡಿದ್ದಳು. ಕೂಗಾಡಿ, ಕಟ್ಟೆಯಿಂದ ಲೋಟ ಕಿತ್ತು ತಂದು, ತಮ್ಮ ಕುಡಿದು ಬಿಟ್ಟಿದ್ದ ನೀರನ್ನು ಅಮ್ಮನ ಕಣ್ಣೆದುರೇ ಗಟಗಟ ಕುಡಿದಳು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ತಮ್ಮ ಹಾಸಿಗೆಯಲ್ಲಿ ಗೋಡೆಗೊರಗಿ ಕೂತವನು ನಕ್ಕ. ಆಮೇಲೆ ಅದೊಂದು ಆಟವೇ ಆಯಿತು. ಸಂಜೆ ಮಾತ್ರೆ ನುಂಗಿ, ಉಳಿದ ನೀರನ್ನು ಅವಳ ಕಡೆ ಚಾಚಿ, "ಒಂದು ಗುಟುಕು ಕುಡಿಯೇ ಅಕ್ಕಾ" ಅನ್ನುವನು. ಅವಳು ಕುಡಿಯುವಳು. ಅವನು ನಗುವನು. "ಇನ್ನೊಂದು ಗುಟುಕು" ಅನ್ನುವನು. ಆ ನಗು, ಅವಳು ತನ್ನ ಬದುಕಿನಲ್ಲಿ ಮಾಡಿದ ಒಂದೇ ಒಂದು ದೊಡ್ಡ ಕೆಲಸಕ್ಕೆ ಸಿಕ್ಕ ಬಹುಮಾನ. ಅಮ್ಮ ಹೆದರಿದಳು, ನಾನು ಹೆದರಲಿಲ್ಲ. ಎಷ್ಟೋ ಸಲ ಮನಸ್ಸು ಕುಗ್ಗಿದಾಗ, ಮದುವೆಯ ಮಾತು ಮುರಿದಾಗ, ಹೆಡ್‌ಮಾಸ್ತರು ಎಲ್ಲರೆದುರು ರೇಗಿದಾಗ, ಅವಳು ಒಳಗಿನಿಂದ ಆ ನಗುವನ್ನು ತೆಗೆದು ಒರೆಸಿ ನೋಡಿ ಮತ್ತೆ ಒಳಗಿಟ್ಟುಕೊಳ್ಳುತ್ತಿದ್ದಳು. ಅವನು ತೀರಿಹೋಗಿ ಇಷ್ಟು ವರ್ಷವಾದರೂ ಅಮ್ಮ ಆ ಲೋಟವನ್ನು ಬಿಸಾಡಿಲ್ಲ, ಬಳಸುವುದೂ ಇಲ್ಲ. ಅದೇ ಕಟ್ಟೆಯ ಮೇಲೆ ಕವುಚಿ ಇಟ್ಟಿದ್ದಾಳೆ.

ಸೋಡಾ ಬೆರೆಸಿದ ಲೋಟವನ್ನು ಎಲ್ಲಿಡಬೇಕೆಂಬುದೇ ಈಗ ಅವಳ ಉಭಯಸಂಕಟವಾಗಿತ್ತು. ಒಂಬತ್ತನೇ ತರಗತಿಯ ಮೂರನೇ ಬೆಂಚಿನಲ್ಲಿ ಪಿಟೀಲು ಕೂರುತ್ತಾಳೆ. ಸದಾ ಮೂಗಿನಲ್ಲೇ ಏನೋ ಗುಂಯ್‌ಗುಡುತ್ತ ಇರುವ ಹುಡುಗಿಗೆ ಗೆಳತಿಯರು ಇಟ್ಟ ಹೆಸರು. ಶಾಲೆಗೆ ಸೇರಿಸುವ ದಿನ ಅವಳ ಚಿಕ್ಕಮ್ಮ, ಬಟ್ಟೆ ಹೊಲಿಯುವವಳು, ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಕಲೆ, ಇದೇ ಪ್ರಯೋಗಾಲಯದ ಬಾಗಿಲಿಗೆ ಒರಗಿ ನಿಂತು ಪಿಸುಗುಟ್ಟಿದ್ದಳು: "ಹುಟ್ಟುವಾಗಲೇ ತಾಯಿಯಿಂದ ಬಂದಿದ್ದು ಟೀಚರ್. ಮಾತ್ರೆ ತಪ್ಪಿಸಲ್ಲ, ಡಾಕ್ಟ್ರು ಎಲ್ಲರ ಹಾಗೇ ಬದುಕ್ತಾಳೆ ಅಂದಿದ್ದಾರೆ. ನಿಮಗೊಬ್ಬರಿಗೇ ಹೇಳ್ತಿರೋದು. ನಿಮ್ಮ ಹೊಟ್ಟೇಲಿ ಇಟ್ಕೊಳ್ಳಿ. ನಿಮಗೆ ಗೊತ್ತು ಅಂತ ಅವಳಿಗೂ ಗೊತ್ತಾಗ್ಬಾರದು." ಇವಳು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. ಹೆಡ್‌ಮಾಸ್ತರಿಗೂ ಹೇಳಿರಲಿಲ್ಲ. ಈ ಗುಟ್ಟು ತನ್ನಿಂದ ಹೊರಬಿದ್ದರೆ ಆ ಹುಡುಗಿ ಮತ್ತೆ ಈ ಶಾಲೆಯ ಮೆಟ್ಟಿಲು ಹತ್ತುವ ಹಾಗಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಯೋಚನೆ ಮಾಡಿ ಮಾಡಿ, ಸೋಡಾ ಲೋಟವನ್ನು ಹುಡುಗಿಯರ ಸಾಲಿನಿಂದ ದೂರ, ಮೇಜಿನ ಆ ತುದಿಯಲ್ಲಿ ಇಟ್ಟಳು. ಯಾರಾದರೂ ಹುಡುಗ ತೆಗೆದುಕೊಂಡು ಹೋಗಲಿ. ಪಿಟೀಲಿನ ಕೈಗೆ ಮಾತ್ರ ಬರುವುದು ಬೇಡ.

ತರಗತಿ ಶುರುವಾಗುವ ಮುಂಚೆ ಹೆಡ್‌ಮಾಸ್ತರು ಬಾಗಿಲಲ್ಲಿ ಇಣುಕಿದರು. "ಮೇಡಂ, ಫೋಟೋ ತೆಗೆಸಿಬಿಡಿ, ಮೇಲಿನವರು ಕೇಳ್ತಿದ್ದಾರೆ. ಮತ್ತೆ ಆ ಪದ ಇದೆಯಲ್ಲ..." ಎಂದು ಎರಡು ಕೈಯನ್ನೂ ಗಾಳಿಯಲ್ಲಿ ಸುಮ್ಮನೆ ಆಡಿಸಿ, "ಅದನ್ನ ಸ್ವಲ್ಪ ಮೆಲ್ಲಗೆ ಹೇಳಿ" ಎಂದು ಹೊರಟುಹೋದರು. ಮೆಲ್ಲಗೆ ಹೇಳುವುದಿರಲಿ, ಕಳೆದ ವರ್ಷ ಅವಳು ಲೈಂಗಿಕ ಸಂಪರ್ಕ ಎಂಬುದನ್ನು ಕಪ್ಪುಹಲಗೆಯ ಕಡೆ ತಿರುಗಿ ಹಲಗೆಗೇ ಹೇಳಿದ್ದಳು. ಮಕ್ಕಳು ಒಳಗೆ ನುಗ್ಗಿದರು. ಲೋಟಗಳನ್ನು ಕಂಡು ಗಲಾಟೆಯೋ ಗಲಾಟೆ. ಅವಳು ಮಾತು ಆರಂಭಿಸಬೇಕೆಂದು ಗಂಟಲು ಸರಿಮಾಡಿಕೊಂಡವಳು, ಮೂರನೇ ಬೆಂಚಿನಿಂದ ತನ್ನನ್ನೇ ನೋಡುತ್ತಿದ್ದ ಆ ಸಣ್ಣ ಮುಖವನ್ನು ನೋಡಿದಳು. ಹರಡುತ್ತದೆ, ಸೋಂಕು, ರಕ್ತ, ಸಾವು, ಈ ಮಾತನ್ನೆಲ್ಲ ಇವಳ ಎದುರಿಗೆ ಹೇಗೆ ಆಡುವುದು? "ಪಿಟೀಲು... ಏ, ನೀನು, ಹೋಗಿ ಆಫೀಸಿಂದ ಸೀಮೆಸುಣ್ಣ ತಗೊಂಡು ಬಾಮ್ಮ" ಎಂದುಬಿಟ್ಟಳು. ಟೀಚರ ಬಾಯಲ್ಲಿ ಅಡ್ಡಹೆಸರು ಕೇಳಿ ತರಗತಿಯೆಲ್ಲ ಗೊಳ್ಳೆಂದಿತು. ಹುಡುಗಿ ಮೇಜಿನ ಮೇಲೆ ಇಡೀ ಡಬ್ಬಿ ಸೀಮೆಸುಣ್ಣ ಇರುವುದನ್ನು ಒಮ್ಮೆ ನೋಡಿ, ಎದ್ದು ಹೋದಳು.

ಅವಳು ಬರುವಷ್ಟರಲ್ಲಿ ಮಾತು ಮುಗಿಸಬೇಕೆಂದು ಟೀಚರು ರೈಲು ಬಿಟ್ಟ ಹಾಗೆ ಹೇಳಿ ಮುಗಿಸಿ, "ಲೋಟ ತಗೊಳ್ಳಿ, ಯಾರೂ ಕುಡೀಬೇಡಿ, ಇದು ಕುಡಿಯೋ ನೀರಲ್ಲ" ಎಂದಳು. ತಗೊಳ್ಳಿ ಎನ್ನುವುದೇ ತಡ ನೂಕುನುಗ್ಗಲು. ಈ ಗದ್ದಲದಲ್ಲಿ ಸೋಡಾ ಲೋಟ ಎಲ್ಲಿ ಚೆಲ್ಲಿಹೋಗುತ್ತದೋ ಎಂದು ಹೆದರಿ ಅವಳು ಮೇಜಿನ ಆ ತುದಿಗೆ ಹೋಗಿ ನಿಂತುಕೊಂಡಳು. ನಿಂತವಳು ನಿಂತೇ ಇದ್ದಳು. ಮಕ್ಕಳ ಕೈಗಳು ನೀರ ಮೇಲೆ ಹಾರುವ ಹಕ್ಕಿಗಳ ಹಾಗೆ ಕಂಡವು. ಬೆಳಕು ಮತ್ತೆ ಚಾವಣಿಯಲ್ಲಿ ಕುಣಿಯುತ್ತಿತ್ತು. ಅಲ್ಲಿ ಯಾರೋ ಗೋಡೆಗೊರಗಿ ಕೂತು ಗಡಿಯಾರವನ್ನು ಕಿವಿಗೆ ಹಿಡಿದಿದ್ದರು. ಎಚ್ಚರವಾದಾಗ ಮೇಜಿನ ಮೇಲೆ ಉಳಿದಿದ್ದದ್ದು ಒಂದೇ ಲೋಟ, ಅವಳ ಬೆನ್ನಿನ ಮರೆಯಲ್ಲಿದ್ದದ್ದು. ಪಿಟೀಲು ಸೀಮೆಸುಣ್ಣ ಹಿಡಿದು ಒಳಗೆ ಬಂದವಳು, ಎಲ್ಲರ ಕೈಲೂ ಲೋಟ ನೋಡಿ, ನೇರ ಬಂದು ಅವಳ ಪಕ್ಕದಿಂದ ಕೈ ಹಾಕಿ ಅದನ್ನು ಎತ್ತಿಕೊಂಡಳು.

ಅಯ್ಯೋ ದೇವರೇ, ಕಾದು ಕಾದು ಇವಳಿಗೇ ಎತ್ತಿಟ್ಟ ಹಾಗಾಯಿತಲ್ಲ! "ಅದು ಬೇಡ!" ಎಂದು ಟೀಚರು ಹುಡುಗಿಯ ಕೈಯಿಂದ ಲೋಟವನ್ನು ಕಿತ್ತುಕೊಂಡಳು. ಸ್ವಲ್ಪ ನೀರು ಇಬ್ಬರ ಕೈಮೇಲೂ ಚೆಲ್ಲಿತು. "ಅದು... ಅದು ನಂದು. ನಾನೂ ಆಡ್ತೀನಿ. ನೀನು ನಿಂತು ನೋಡ್ಕೋ, ಯಾರಾದ್ರೂ ಮೋಸ ಮಾಡಿದ್ರೆ ಹೇಳು." ತನ್ನ ದನಿ ತನಗೇ ಕೀರಲಾಗಿ ಕೇಳಿಸಿತು. ತರಗತಿಯಲ್ಲಿ ಎಲ್ಲದಕ್ಕೂ ವಾದ ಹೂಡುವ, ಅದಕ್ಕೇ ವಕೀಲ ಎಂದು ಹೆಸರಾದ ಹುಡುಗ, "ಯಾಕ್ ಮಿಸ್, ಪಿಟೀಲಿಗೆ ಲೋಟ ಇಲ್ವಾ?" ಎಂದ. "ಅವಳು ಅಂಪೈರ್ ಕಣೋ" ಎಂದು ಟೀಚರು ನಕ್ಕಳು. ಮಿಸ್ ಆಡ್ತಾರಂತೆ, ಕಪ್ಪೆ ಮಿಸ್ ಆಡ್ತಾರಂತೆ ಎಂದು ಹಿಂದಿನಿಂದ ಯಾರೋ ಕೂಗಿದರು. ಮುಂದೆ ಯಾರಿಗೂ ಪಿಟೀಲಿನ ನೆನಪೇ ಉಳಿಯಲಿಲ್ಲ. ಸದ್ಯ, ಬದುಕಿದೆ ಎಂದುಕೊಂಡಳು. ಹುಡುಗಿ ಗೋಡೆಯ ಪಕ್ಕ ಕಪ್ಪೆಯ ಜಾಡಿಯ ಕೆಳಗೆ ಹೋಗಿ ನಿಂತಳು. ಅವಳ ಗುಂಯ್ ನಿಂತಿತ್ತು.

ಆಡುವಾಗ ಟೀಚರು ತನ್ನನ್ನು ತಾನು ಮರೆತಳೆಂದೇ ಹೇಳಬೇಕು. ವಕೀಲ ಬಂದು ತನ್ನ ಲೋಟದಿಂದ ಅವಳ ಲೋಟಕ್ಕೆ ನೀರು ಸುರಿದ, ಅವಳು ಅವನದಕ್ಕೆ ಸುರಿದಳು. ಮತ್ತೆ ಎರಡು ಜಡೆಯವಳು, ಆಮೇಲೆ ಕುಳ್ಳ, ಆಮೇಲೆ ಯಾರೋ. ನಗು, ತಣ್ಣೀರು, ಒದ್ದೆ ಬೆರಳು. ಮಕ್ಕಳು ಇಷ್ಟು ಹತ್ತಿರ ಬಂದು ಅವಳ ಮುಖ ನೋಡಿ ನಕ್ಕದ್ದೇ ಇರಲಿಲ್ಲ. ಹನಿ ಬಿಡುವ ಹೊತ್ತಿಗೆ ಎಲ್ಲರೂ ಉಸಿರು ಬಿಗಿಹಿಡಿದರು. ಒಂದು ಲೋಟ ಹಾಗೇ ಉಳಿಯಿತು. ಇನ್ನೊಂದು ಉಳಿಯಿತು. ಎರಡು ಜಡೆಯವಳದು ಗುಲಾಬಿಯಾಯಿತು. ಅವಳು ಚಿಟ್ಟನೆ ಚೀರಿ ಲೋಟವನ್ನು ದೂರ ಹಿಡಿದಳು. ಕುಳ್ಳನದು, ವಕೀಲನದು, ಕಿಟಕಿಯ ಪಕ್ಕದ ಮೂವರದು. ಗುಲಾಬಿ ಬಣ್ಣ ನೀರಿನೊಳಗೆ ಹೊಗೆಯ ಹಾಗೆ ಇಳಿಯುವುದು ಎಷ್ಟು ಚೆಂದ! ಕೊನೆಗೆ ತನ್ನ ಲೋಟಕ್ಕೆ ತಾನೇ ಹನಿ ಬಿಟ್ಟಳು. ಎಲ್ಲರದಕ್ಕಿಂತ ಗಾಢವಾಗಿ, ದಾಸವಾಳದ ಹಾಗೆ ಕೆಂಪೇರಿತು. "ಮಿಸ್ಸಿಂದಲೇ ಶುರು!" ಎಂದು ವಕೀಲ ಕೂಗಿದ. "ಎಲ್ಲರಿಗೂ ಮಿಸ್ಸೇ ಹಚ್ಚಿದ್ದು!" ಎಲ್ಲರೂ ಹೋ ಎಂದು ಕಿರುಚಿ, ನಗುತ್ತಲೇ, ಆಟಕ್ಕೇ, ಒಂದೊಂದು ಹೆಜ್ಜೆ ಹಿಂದೆ ಸರಿದರು. ಅವಳ ಸುತ್ತ ಸಣ್ಣದೊಂದು ಖಾಲಿ ಜಾಗ ಬಿತ್ತು. ಆಟ ಎಂದು ಗೊತ್ತಿದ್ದೂ ಅವಳ ಮುಖ ಬಿಸಿಯಾಯಿತು. ಸರಿದವರ ತಲೆಗಳ ಮೇಲಿಂದ, ಜಾಡಿಯ ಕೆಳಗೆ ನಿಂತ ಹುಡುಗಿ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು.

"ಅಂದ್ರೆ ಲೋಟದಿಂದ ಬರುತ್ತೆ ಅಂತಾಯ್ತಲ್ಲ ಮಿಸ್?" ವಕೀಲ ಬಿಡಲಿಲ್ಲ. "ಬರಲ್ಲ. ನೀರು ಅಂದ್ರೆ ಇಲ್ಲಿ ನೀರಲ್ಲ" ಎಂದಳು. "ಮತ್ತೇನು?" ಮತ್ತೇನು ಎಂದರೆ ಆ ಪದ ಹೇಳಬೇಕು. ಅವಳು ರಕ್ತ ಎಂದಳು, ಸೂಜಿ ಎಂದಳು, ತಾಯಿಯಿಂದ ಮಗುವಿಗೆ ಎಂದು ಶುರುಮಾಡಿ ತಟ್ಟನೆ ನಿಲ್ಲಿಸಿದಳು, ಮತ್ತು ಇನ್ನೊಂದು ಇದೆ, ದೊಡ್ಡವರಾದ ಮೇಲೆ, ಎಂದು ಎರಡು ಕೈಯನ್ನೂ ಗಾಳಿಯಲ್ಲಿ ಸುಮ್ಮನೆ ಆಡಿಸಿದಳು. ಥೇಟ್ ಹೆಡ್‌ಮಾಸ್ತರು! ಅಷ್ಟರಲ್ಲಿ ಗಂಟೆ ಹೊಡೆಯಿತು.

ಮಧ್ಯಾಹ್ನ ಸ್ಟಾಫ್‌ರೂಮಿನ ಕಿಟಕಿಯಿಂದ ನೋಡಿದರೆ ಆಟದ ಮೈದಾನದಲ್ಲಿ ಹೊಸದೊಂದು ಆಟ ಹುಟ್ಟಿತ್ತು. ಒಬ್ಬ ಓಡಿಬಂದು ಇನ್ನೊಬ್ಬನ ತೋಳು ಮುಟ್ಟಿ "ಪಿಂಕ್!" ಎಂದು ಕೂಗುವುದು, ಮುಟ್ಟಿಸಿಕೊಂಡವನು ಬೇರೆಯವರನ್ನು ಅಟ್ಟಿಸಿಕೊಂಡು ಹೋಗಿ ಮುಟ್ಟುವುದು. ಬಿಸಿಲಿನಲ್ಲಿ ಇಡೀ ತರಗತಿ ಪಿಂಕ್ ಪಿಂಕ್ ಎಂದು ಚೀರುತ್ತ ಚೆದುರುತ್ತ ಕೂಡುತ್ತ ಇತ್ತು. ನಲ್ಲಿಯ ಪಕ್ಕದ ಸರಪಣಿಯ ಲೋಟವನ್ನು ಎರಡು ಜಡೆಯವಳು ಕೈಯಲ್ಲಿ ಹಿಡಿದು, ಒಳಗೆ ಹೊರಗೆ ನೋಡಿ, ಮೂಗು ಮುರಿದು, ಬೊಗಸೆಯಲ್ಲೇ ಕುಡಿದು ಹೋದಳು. ಲೋಟದಿಂದ ಬರುವುದಿಲ್ಲ ಎಂದು ಕಲಿಸಲು ಹೋಗಿ ಲೋಟದಿಂದ ಬರುತ್ತದೆ ಎಂದು ಕಲಿಸಿ ಬಂದಿದ್ದೇನೆ ಎಂಬುದು ಅವಳಿಗೆ ಆಗ ಹೊಳೆಯಿತು. ಕಿಟಕಿಯ ಸರಳು ಹಿಡಿದು ನಿಂತೇ ಇದ್ದಳು. ಎಲ್ಲಿಂದಲೋ ಅಮ್ಮನ ಕಿಟಕಿಯ ಕಟ್ಟೆ ತೇಲಿಬಂದು ಈ ಕಿಟಕಿಗೆ ಅಂಟಿಕೊಂಡಿತು. ಮೈದಾನದ ಅಂಚಿನಲ್ಲಿ ಪಿಟೀಲು ನಿಂತಿದ್ದಳು. ಯಾರೋ ಅವಳನ್ನೂ ಮುಟ್ಟಿ ಪಿಂಕ್ ಎಂದು ಓಡಿದರು. ಅವಳು ಓಡಲಿಲ್ಲ, ಯಾರನ್ನೂ ಮುಟ್ಟಲಿಲ್ಲ. ಮುಟ್ಟಿಸಿಕೊಂಡ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಳು. ಆಟ ಅವಳಲ್ಲಿಗೆ ಬಂದು ನಿಂತುಹೋಯಿತು. "ಭಾರಿ ಕ್ಲಾಸ್ ತಗೊಂಡ್ರಂತೆ ಮೇಡಂ, ಮಕ್ಕಳೆಲ್ಲ ಅದೇ ಮಾತು" ಎಂದು ಹಿಂದಿನಿಂದ ಹೆಡ್‌ಮಾಸ್ತರು ಹೇಳಿದರು.

ಶಾಲೆ ಬಿಟ್ಟ ಮೇಲೆ ಅವಳು ಲೋಟ ತೊಳೆಯುತ್ತಿದ್ದಾಗ ಪಿಟೀಲು ಬಂದಳು. ಕೇಳದೆಯೇ ಬಟ್ಟೆ ತೆಗೆದುಕೊಂಡು ತೊಳೆದ ಲೋಟಗಳನ್ನು ಒರೆಸಲು ನಿಂತಳು. ಬಿಸಿಲು ಇಳಿದು, ಕೋಣೆಯೆಲ್ಲ ಜೇನಿನ ಬಣ್ಣಕ್ಕೆ ತಿರುಗಿತ್ತು. ಹುಡುಗಿ ಒಂದು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತ ಹೇಳಿದಳು:

"ಚಿಕ್ಕಮ್ಮ ಹೇಳಿದ್ರಾ ನಿಮಗೆ?"

ಟೀಚರ ಕೈಯಿಂದ ಸೋಪು ಜಾರಿತು. "ಏನನ್ನ?" ಎಂದಳು, ಬೆಪ್ಪುತಕ್ಕಡಿಯ ಹಾಗೆ.

"ಸೋಡಾ ಇದ್ದಿದ್ದು ಯಾವ ಲೋಟ ಅಂತ ನಿಮಗೊಬ್ಬರಿಗೇ ಗೊತ್ತಿತ್ತಲ್ವಾ ಮಿಸ್. ನಾನು ಕೈ ಹಾಕಿದಾಗ ಕಿತ್ಕೊಂಡ್ರಿ. ವಕೀಲ ಹಾಕಿದ್ರೆ ಕಿತ್ಕೋತಿರ್ಲಿಲ್ಲ." ಬಟ್ಟೆಯನ್ನು ಮಡಚಿ ಹಿಡಿದು, "ಸೀಮೆಸುಣ್ಣಾನೂ ಇತ್ತು" ಎಂದಳು. ಮೇಜಿನ ಕೆಳಗಿದ್ದ ಪೆಟ್ಟಿಗೆಯನ್ನು ಕಾಲಿನಿಂದ ಮುಂದೆ ಸರಿಸಿದಳು. "ಇದರಲ್ಲಿ ಇನ್ನೂ ಲೋಟ ಇದ್ವು. ನನಗೆ ಒಂದು ಕೊಡಬಹುದಿತ್ತು."

ಪೆಟ್ಟಿಗೆಯಲ್ಲಿ ಮಿಕ್ಕ ಲೋಟಗಳು ಹಳೆ ಕಾಗದದಲ್ಲಿ ಬೆಚ್ಚಗೆ ಮಲಗಿದ್ದವು. ಬೆಳಿಗ್ಗೆ ತಾನೇ ಇಟ್ಟದ್ದು. ಆ ಗಳಿಗೆಯಲ್ಲಿ ಒಂದು ಸಾರಿ ಬಗ್ಗಿದ್ದರೆ ಸಾಕಿತ್ತು. ಟೀಚರಿಗೆ ನಾಚಿಕೆಯಿಂದ ಕಿವಿ ಸುಟ್ಟಿತು. ವರ್ಷಗಟ್ಟಲೆ ಹೊಟ್ಟೆಯಲ್ಲಿ ಜೋಪಾನವಾಗಿ ಇಟ್ಟುಕೊಂಡದ್ದನ್ನು ಒಂದೇ ಸಲ ಕೈ ಚಾಚಿ ಚೆಲ್ಲಿಬಿಟ್ಟಿದ್ದೆ, ಅದೂ ಯಾರಿಂದ ಮುಚ್ಚಿಡಬೇಕಿತ್ತೋ ಅವಳ ಮೇಲೇ. "ನಿನಗೆ ಬೇಜಾರಾಗ್ಬಾರದು ಅಂತ ಮಾಡಿದ್ದು ಪುಟ್ಟಾ. ಯಾರಿಗಾದ್ರೂ ಗೊತ್ತಾಗಿಬಿಟ್ರೆ ಅಂತ..."

"ಯಾರಿಗೂ ಗೊತ್ತಾಗ್ಲಿಲ್ಲ ಬಿಡಿ. ಎಲ್ಲರೂ ನಿಮ್ಮ ಲೋಟ ನೋಡ್ತಿದ್ರು." ಹುಡುಗಿ ಒರೆಸಿದ್ದನ್ನೇ ಮತ್ತೆ ಒರೆಸಿದಳು. "ನನ್ನ ಕೈಲಿದ್ರೂ ಗೊತ್ತಾಗ್ತಿರ್ಲಿಲ್ಲ ಮಿಸ್. ಪಿಟೀಲಿಂದ ಶುರು ಅಂತ ಕೂಗ್ತಿದ್ರು, ನಗ್ತಿದ್ರು, ಆಮೇಲೆ ಮರೀತಿದ್ರು. ನಿಮಗೆ ಮಾಡಿದ ಹಾಗೇ. ಒಂದ್ಸಲ ಎಲ್ಲರ ಮುಂದೆ ಪಿಂಕ್ ಆಗಿ ನೋಡ್ಬೇಕಿತ್ತು ನಂಗೆ. ಆಟದಲ್ಲಾದ್ರೂ. ಆದ್ಮೇಲೂ ಎಲ್ಲರೂ ಅಲ್ಲೇ ಇರ್ತಾರಲ್ಲ, ಅದನ್ನ ನೋಡ್ಬೇಕಿತ್ತು."

ಟೀಚರಿಗೆ ಹುಡುಗಿಯನ್ನು ಬರಸೆಳೆದು ಅಪ್ಪಿಕೊಳ್ಳಬೇಕೆನಿಸಿತು; ಕೈ ತುಂಬ ಸೋಪಿನ ನೊರೆ. "ನಾಳೆ ಇನ್ನೊಂದ್ಸಲ ಆಡಿಸ್ತೀನಿ" ಎಂದಳು. "ಲೋಟದಿಂದ ಬರಲ್ಲ ಅಂತಾನೂ ಸರಿಯಾಗಿ ಹೇಳ್ತೀನಿ. ಎಲ್ಲಾನೂ ಹೇಳ್ತೀನಿ. ಬಾಯಿಬಿಟ್ಟು."

"ಆ ಲೋಟ ನಂಗೆ ಕೊಡ್ತೀರಾ?"

"ಕೊಡ್ತೀನಿ."

ಹುಡುಗಿಯ ಮುಖ ಅರಳಿತು. ಗುಂಯ್ ಮತ್ತೆ ಶುರುವಾಯಿತು. ಅವಳು ಪೆಟ್ಟಿಗೆಯಿಂದ ಆಟಕ್ಕೆ ಬಳಸದ ಒಂದು ಲೋಟ ತೆಗೆದು, ತೊಳೆದು, ಮೂಲೆಯ ಫಿಲ್ಟರಿನಿಂದ ನೀರು ಹಿಡಿದು, ಅಲ್ಲೇ ನಿಂತು ಅರ್ಧ ಕುಡಿದಳು. ಅವಳ ತುಟಿ ತಾಕಿದ ಕಡೆ ಗಾಜಿನ ಮೇಲೆ ಸಣ್ಣ ಒದ್ದೆ ಗುರುತು ಉಳಿಯಿತು. ಅದನ್ನು ಕಂಡ ಕೂಡಲೇ ಟೀಚರಿಗೆ ಏನು ಮಾಡಬೇಕೆಂಬುದು ಹೊಳೆಯಿತು. ಇಡೀ ದಿನದ ದಡ್ಡತನಕ್ಕೆಲ್ಲ ಒಂದೇ ಉತ್ತರ ಕೈಗೆಟಕುವಷ್ಟು ಹತ್ತಿರದಲ್ಲಿತ್ತು, ಅದು ಅವಳಿಗೆ ಮೊದಲಿನಿಂದ ಬರುತ್ತಿದ್ದ ವಿದ್ಯೆ. "ಇಲ್ಲಿ ಕೊಡು, ನಂಗೂ ಬಾಯಾರಿಕೆ" ಎಂದು ಲೋಟ ತೆಗೆದುಕೊಂಡು ಕುಡಿದಳು. ಗಟಗಟ, ಒಂದು ಹನಿ ಬಿಡದೆ. ಕುಡಿದು, ಕಣ್ಣು ತುಂಬಿ, ಲೋಟ ಕೆಳಗಿಟ್ಟಳು. ಹುಡುಗಿ ನೋಡುತ್ತಿದ್ದಳು.

"ತಿರುಗಿಸ್ಕೊಂಡ್ರಿ" ಎಂದಳು.

"ಏನು?"

"ಲೋಟ. ಕುಡಿಯೋಕೆ ಮುಂಚೆ ತಿರುಗಿಸ್ಕೊಂಡ್ರಿ. ನಾನು ಕುಡಿದ ಕಡೆ ಬಿಟ್ಟು ಆ ಕಡೆಯಿಂದ ಕುಡಿದ್ರಿ."

"ಇಲ್ಲವಲ್ಲ!" ಎಂದು ಟೀಚರು ಲೋಟವನ್ನು ನೋಡಿದಳು. ಒದ್ದೆ ಗುರುತು ಎರಡಿದ್ದವು, ಎದುರುಬದುರಾಗಿ. ಅವಳ ಕೈಗೆ ಅದು ಯಾವಾಗ ಗೊತ್ತಾಗಿತ್ತೋ, ಅವಳಿಗೆ ಗೊತ್ತಿರಲಿಲ್ಲ. "ಎಂಜಲು ಅಂತ... ಚಿಕ್ಕಂದಿನಿಂದ ಅಭ್ಯಾಸ ನೋಡು, ಯಾರದ್ದಾದ್ರೂ ಹಾಗೇ..."

"ಚಿಕ್ಕಮ್ಮನೂ ಅದೇ ಹೇಳ್ತಾರೆ" ಎಂದು ಹುಡುಗಿ ನಕ್ಕಳು. ಕೋಪದ ನಗುವಲ್ಲ. ಚುಚ್ಚುವ ನಗುವೂ ಅಲ್ಲ. ತಪ್ಪು ಲೆಕ್ಕ ಮಾಡಿದ ಮಗುವನ್ನು ನೋಡಿ ದೊಡ್ಡವರು ನಗುತ್ತಾರಲ್ಲ, ಪಾಪ ಎಂದುಕೊಂಡು, ಅಂಥದ್ದು. ಆ ನಗುವನ್ನು ಟೀಚರು ಎಲ್ಲೋ ನೋಡಿದ್ದಳು. ಎಲ್ಲೋ ಏನು, ದಿನವೂ ತೆಗೆದು ಒರೆಸಿ ಒಳಗಿಡುತ್ತಿದ್ದ ನಗುವೇ ಅದು. ಗೋಡೆಗೊರಗಿ ಕೂತ ತಮ್ಮ, ಸಂಜೆಯ ಮಾತ್ರೆ, ತನ್ನ ಕಡೆ ಚಾಚಿದ ಕೈ. ಆಗ ಲೋಟ ಹೇಗೆ ಹಿಡಿದಿದ್ದೆ? ನೆನಪಿಗೆ ಬರಲಿಲ್ಲ. ಅಮ್ಮನ ಸೆರಗು ನೆನಪಿದೆ, ನೀರಿನ ತಣುಪು ನೆನಪಿದೆ, ಮಣಿಕಟ್ಟು ಎತ್ತ ತಿರುಗಿತೆಂಬುದು ಮಾತ್ರ ನೆನಪಿಲ್ಲ. ನೋಡುತ್ತಿದ್ದವನು ಅವನು. ಗಡಿಯಾರದೊಳಗಿನ ಕೂದಲೆಳೆಯಂಥ ಸ್ಪ್ರಿಂಗು ಒಂದಿಷ್ಟು ಓರೆಯಾದರೂ ಕಂಡುಹಿಡಿಯುತ್ತಿದ್ದ ಕಣ್ಣು ಅದು. ಅವನು ನಗುತ್ತಿದ್ದ. ನಕ್ಕು, "ಇನ್ನೊಂದು ಗುಟುಕು ಕುಡಿಯೇ ಅಕ್ಕಾ" ಎಂದು ಮತ್ತೆ ಚಾಚುತ್ತಿದ್ದ. ಮರುದಿನ ಸಂಜೆ ಮತ್ತೆ. ಪ್ರೀತಿಗೆ ಕರೆಯುತ್ತಿದ್ದಾನೆ ಎಂದುಕೊಂಡಿದ್ದಳು ಅವಳು. ಪ್ರೀತಿಯೇ ಇರಬೇಕು, ಪ್ರೀತಿಯಿಲ್ಲದೆ ಯಾರು ಯಾರಿಗೆ ಅಷ್ಟು ಸಲ ಇನ್ನೊಂದು ಅವಕಾಶ ಕೊಡುತ್ತಾರೆ?

ಅವಳು ಹತ್ತಿರದ ಸ್ಟೂಲಿನ ಮೇಲೆ ಕುಸಿದು ಕೂತಳು. ಅಳು ಬಂದರೆ ಹುಡುಗಿ ಹೆದರುತ್ತಾಳೆಂದು ತಡೆದುಕೊಂಡಳು, ಆದರೂ ಬಂತು. ಪಿಟೀಲು ಹೆದರಲಿಲ್ಲ. ಲೋಟವನ್ನು ತೆಗೆದುಕೊಂಡು ಹೋಗಿ, ತೊಳೆಯದೆ, ಫಿಲ್ಟರಿನಿಂದ ಮತ್ತೆ ನೀರು ಹಿಡಿದು, ತಾನೊಂದು ಗುಟುಕು ಕುಡಿದು ತಂದಳು.

"ಇನ್ನೊಂದ್ಸಲ ಮಾಡಿ ಮಿಸ್. ನೋಡೋಣ."

ಟೀಚರು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಆಗ ತಾನೇ ಕುಡಿಯಲು ಕಲಿಯುವ ಮಗುವಿನ ಹಾಗೆ. ಎತ್ತಿದಳು. ಎಲ್ಲ ಗೊತ್ತಿದ್ದ, ಎಲ್ಲರಿಗೂ ಹೇಳಿಕೊಡುತ್ತಿದ್ದ ಅವಳ ಬಲಗೈ ಯಾರ ಮಾತೂ ಕೇಳದೆ ಮೆಲ್ಲಗೆ ಹೊರಳತೊಡಗಿತು. "ಹಾಂ ಹಾಂ, ತಿರುಗಿಸ್ತಿದ್ದೀರ" ಎಂದು ಹುಡುಗಿ ಕಿಲಕಿಲ ನಕ್ಕು, ಬೆರಳಿನಿಂದ ಲೋಟವನ್ನು ತಡೆದು, ವಾಪಸು ಸರಿಸಿ, ಆ ಸಣ್ಣ ಒದ್ದೆ ಗುರುತನ್ನು ಅವಳ ಎದುರಿಗೆ ತಂದು ನಿಲ್ಲಿಸಿದಳು. ಕಿಟಕಿಯ ಕೊನೆಯ ಬಿಸಿಲು ನೀರಿನಲ್ಲಿ ಇಳಿದು ಚಾವಣಿಯ ಮೇಲೆ ನಡುಗುತ್ತಿತ್ತು. ಟೀಚರು ಕಣ್ಣು ಮುಚ್ಚಲಿಲ್ಲ. ಗಾಜಿನ ಆ ಜಾಗ ಇನ್ನೂ ಸ್ವಲ್ಪ ಬೆಚ್ಚಗಿತ್ತು. ಅಲ್ಲಿಗೇ ತುಟಿ ಇಟ್ಟು ಒಂದು ಗುಟುಕು ಕುಡಿದಳು.